ನಾಲ್ಕನೆಯ ಸ್ಲ್ಯಾಬ್

ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋಗುವುದೆಂದರೆ, ಹೆಚ್ಚುಕಡಿಮೆ, ರಾಜ್ಯವನ್ನು ನೈಋತ್ಯದ ಕಡಲಂಚಿನಿಂದ ಈಶಾನ್ಯದ ಎರೆಭೂಮಿಯವರೆಗೆ ಹಾದುಹೋದಂತೆಯೇ. 2024ರ ಪಟ್ಟಿಯಲ್ಲಿ ಶೇ 94ರಷ್ಟು ತೇರ್ಗಡೆಯಾದ ಉಡುಪಿ ಮೊದಲನೆಯದು, ಶೇ 92.12ರ ದಕ್ಷಿಣ ಕನ್ನಡ ಎರಡನೆಯದು, ಶೇ 50.59ರ ಯಾದಗಿರಿ ಕೊನೆಯದು. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಬರೆಯುವ ಭಾಷೆಯೂ ಬಹುಪಾಲು ಒಂದೇ ಆಗಿರುವಾಗ, ಒಂದು ತುದಿಯಲ್ಲಿ ನೂರಕ್ಕೆ ಆರು ಮಕ್ಕಳು ಸೋತರೆ ಇನ್ನೊಂದು ತುದಿಯಲ್ಲಿ ನೂರಕ್ಕೆ ಐವತ್ತರಷ್ಟು ಮಕ್ಕಳು ಸೋಲುವುದನ್ನು ಮಕ್ಕಳ ಬುದ್ಧಿಯ ಲೆಕ್ಕಕ್ಕೆ ಬರೆಯುವುದು ಸಾಧ್ಯವಿಲ್ಲ. ಹೀಗಿದ್ದೂ ಪಟ್ಟಿಯ ಮೇಲ್ತುದಿಯಲ್ಲಿ ವಾಸಿಸುವವರಿಗೆ ತಮ್ಮ ಸ್ಥಾನ ತಮ್ಮ ಗುಣದಿಂದಲೇ ಬಂದದ್ದೆಂಬ ನಂಬಿಕೆ ಬೆಳೆದುಬಿಡುತ್ತದೆ. ಅಂಥ ನಂಬಿಕೆಯ ನಡುವೆಯೇ ಬೆಳೆದ ಉಡುಪಿಯ ಪ್ರವಾಸಿಯೊಬ್ಬರು ಆ ವರ್ಷದ ಡಿಸೆಂಬರಿನಲ್ಲಿ ಯಾದಗಿರಿಗೆ ಹೋಗಿ ಬೆಂಗಳೂರಿನ ಮೂಲಕ ಮರಳಿದ ಪ್ರಯಾಣ, ಮುಗಿದು ತಿಂಗಳುಗಳಾದರೂ, ಅವರ ಮನಸ್ಸಿನಲ್ಲಿ ಮುಗಿದಿಲ್ಲ.

ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ಗುಂತಕಲ್ಲು, ರಾಯಚೂರು ದಾಟಿ ಕೃಷ್ಣಾ ನದಿಯ ಸೇತುವೆಯನ್ನೇರುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಮೂಡುತ್ತಿತ್ತು. ಮುರಕಲ್ಲಿನ ಪಾಗಾರ, ಅದರಾಚೆ ತೆಂಗು, ತೆಂಗಿನಾಚೆ ಮತ್ತೊಂದು ಪಾಗಾರ ಎಂಬಂತೆ ನಾಲ್ಕು ಮಾರಿಗೊಮ್ಮೆ ನೋಟ ತಡೆಯುವ ಕರಾವಳಿಯ ಕಣ್ಣಿಗೆ ಆ ಬಯಲು ಮೊದಲು ಬರಿದಾಗಿಯೇ ಕಾಣುತ್ತದೆ. ಬಿಸಿಲೇರಿದಂತೆ ಆ ಬರಿದಿನಲ್ಲಿ ಎರೆಯ ಕಪ್ಪು, ತೊಗರಿಯ ಹಳದಿ ಹೂವು, ಹತ್ತಿಯ ಬಿಳುಪು, ರಾಶಿ ಪೇರಿಸಿಟ್ಟಂಥ ಬಂಡೆಗುಡ್ಡಗಳ ಬೂದು ಒಂದೊಂದಾಗಿ ಬೇರ್ಪಡುತ್ತವೆ. ನೆಲ ಬಡವಾದದ್ದಲ್ಲ. ಎರಡು ದೊಡ್ಡ ನದಿಗಳು, ಕೃಷ್ಣೆ ಮತ್ತು ಭೀಮೆ, ಈ ಜಿಲ್ಲೆಯನ್ನು ಹಾದುಹೋಗುತ್ತವೆ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಕಡೆಗೆ ನೀರು ಹರಿಸುತ್ತದೆ. ಹಾಗಾದರೆ ಬಡತನ ಎಲ್ಲಿಯದು ಎಂಬ ಪ್ರಶ್ನೆ ರೈಲಿನ ಕಿಟಕಿಯಲ್ಲೇ ಶುರುವಾಗುತ್ತದೆ.

ಅದಕ್ಕೆ ಚರಿತ್ರೆಯ ಒಂದು ಉತ್ತರ ಉಂಟು. 1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶ ಹೈದರಾಬಾದಿನ ನಿಜಾಮನ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆಯೂ ಮೇಲಿನ ತರಗತಿಗಳ ಭಾಷೆಯೂ ಉರ್ದುವಾಗಿದ್ದುದರಿಂದ, ಮನೆಯಲ್ಲಿ ಕನ್ನಡವಾಡುವ ಒಕ್ಕಲುಮಗನಿಗೆ ಓದು ಎರಡು ಮಡಿ ದೂರವಾಗಿತ್ತು. 1956ರಲ್ಲಿ ಭಾಷಾವಾರು ವಿಂಗಡಣೆಯಿಂದ ಮೈಸೂರು ರಾಜ್ಯಕ್ಕೆ ಬಂದ ಈ ಸೀಮೆ, ಹಳೆಯ ಮೈಸೂರೂ ಕರಾವಳಿಯೂ ಅದಾಗಲೇ ನೂರು ವರ್ಷ ನಡೆದಿದ್ದ ದಾರಿಯ ಆರಂಭದಲ್ಲಿ ನಿಂತಿತ್ತು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ, ಅಂದರೆ ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಅಳೆಯಲು ಸರ್ಕಾರ ನೇಮಿಸಿದ್ದ ಉನ್ನತಾಧಿಕಾರ ಸಮಿತಿ, ರಾಜ್ಯದಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಅದರಲ್ಲಿದ್ದವು. ಈ ಮೂರೂ ಸೇರಿ 2010ರಲ್ಲಿ ಯಾದಗಿರಿ ರಾಜ್ಯದ 30ನೆಯ ಜಿಲ್ಲೆಯಾಯಿತು. ಮರುವರ್ಷದ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57 ಇದ್ದರೆ ಯಾದಗಿರಿಯದು ಶೇ 51.83. ಈ ಚರಿತ್ರೆಯನ್ನು ಪ್ರವಾಸಿ ಮೊದಲೇ ಓದಿಕೊಂಡಿದ್ದರು. ಆದರೆ ಬಸ್ ನಿಲ್ದಾಣದಲ್ಲಿ ಕಂಡದ್ದು ಆ ಓದಿನಲ್ಲಿ ಇರಲಿಲ್ಲ.

ಯಾದಗಿರಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಮಿರ್ಚಿ ಭಜಿಯ ಎಣ್ಣೆ ಕಾಯುತ್ತಿರುವಾಗಲೇ ಸಂಸಾರಗಳು ಗಂಟುಮೂಟೆ ಸಮೇತ ಕುಳಿತಿದ್ದವು. ಪ್ಲಾಸ್ಟಿಕ್ ಕೊಡ, ಹಾಸಿಗೆ ಸುತ್ತು, ಹಿಟ್ಟಿನ ಡಬ್ಬಿ, ಬಿಳಿ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಖಟಕ ರೊಟ್ಟಿಯ ಗಂಟು. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಹಪ್ಪಳದಷ್ಟು ಗರಿಗರಿಯಾಗುವವರೆಗೆ ಒಣಗಿಸಿದರೆ ಖಟಕ ರೊಟ್ಟಿ. ವಾರಗಟ್ಟಲೆ ಕೆಡದೆ ಇರುವ ಈ ರೊಟ್ಟಿ ಊರು ಬಿಟ್ಟು ಹೋಗುವವರ ಅನ್ನ. ಊರು ಬಿಡುವುದಕ್ಕೆ ಈ ಸೀಮೆಯ ಮಾತು ‘ಗುಳೆ’. ಸುಗ್ಗಿಯ ಕೆಲಸ ಮುಗಿದ ಮೇಲೆ, ಅಥವಾ ಮಳೆ ಕೈಕೊಟ್ಟು ಸುಗ್ಗಿಯೇ ಇಲ್ಲವಾದಾಗ, ಮನೆಗೆ ಬೀಗ ಹಾಕಿಯೋ ಮುದುಕರನ್ನು ಕಾವಲಿಗೆ ಬಿಟ್ಟೋ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೋಗಿ, ಯುಗಾದಿಗೋ ಊರ ಜಾತ್ರೆಗೋ ಮರಳುವ ವಾರ್ಷಿಕ ವಲಸೆಯೇ ಗುಳೆ. ಇದನ್ನು ನಡೆಸುವುದು ‘ಮುಂಗಡ’ವೆಂಬ ಸಾಲ: ಮದುವೆಗೋ ಆಸ್ಪತ್ರೆಗೋ ಬೀಜಗೊಬ್ಬರಕ್ಕೋ, ಕೂಲಿಯಾಳುಗಳನ್ನು ಕರೆದೊಯ್ಯುವ ಮೇಸ್ತ್ರಿಯಿಂದ ಮೊದಲೇ ಪಡೆದ ಹಣವನ್ನು ಸಂಸಾರ ದುಡಿದು ತೀರಿಸಬೇಕು. ಹೀಗೆ ತೀರಿಸುವುದು ಗಂಡಾಳಿನ ಲೆಕ್ಕದಲ್ಲಲ್ಲ, ‘ಜೋಡಿ’ಯ ಲೆಕ್ಕದಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುವಲ್ಲಿ ಕೈಗೂಸನ್ನು ನೋಡಿಕೊಳ್ಳಲು ಹಿರಿಯ ಮಗಳು ಬೇಕು. ಅಂದು ಆ ಗಂಟುಗಳ ನಡುವೆ ಹತ್ತು ಹನ್ನೊಂದರ ಒಬ್ಬ ಹುಡುಗಿ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಮೈಮೇಲಿದ್ದುದು ಸರ್ಕಾರಿ ಶಾಲೆಯ ಸಮವಸ್ತ್ರದ ಲಂಗ. ಗಟ್ಟಿ ಬಟ್ಟೆ, ಪ್ರಯಾಣಕ್ಕೆ ಅನುಕೂಲ ಎಂದು ತಾಯಿ ಅದನ್ನೇ ತೊಡಿಸಿದ್ದರು.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯನ್ನು ತಲುಪಿದಾಗ ಮುಖ್ಯೋಪಾಧ್ಯಾಯರು ಏಳನೆಯ ತರಗತಿಗೆ ಗಣಿತ ಹೇಳುತ್ತಿದ್ದರು, ಆರನೆಯ ತರಗತಿಯವರೂ ಅದೇ ಕೋಣೆಯ ಇನ್ನೊಂದು ಬದಿಯಲ್ಲಿ ಕುಳಿತಿದ್ದರು. ಖಾಯಂ ಶಿಕ್ಷಕರು ಸಾಲದೆ ಬಂದಾಗ ಆ ವರ್ಷದ ಮಟ್ಟಿಗೆ ಗೌರವಧನದ ಮೇಲೆ ನೇಮಿಸುವ ‘ಅತಿಥಿ ಶಿಕ್ಷಕ’ರಿಬ್ಬರು ಇನ್ನೆರಡು ಕೋಣೆಗಳನ್ನು ನಡೆಸುತ್ತಿದ್ದರು, ಇಬ್ಬರೂ ಅದೇ ಸುತ್ತಿನ ಯುವಕರು, ಬಿ.ಇಡಿ. ಮುಗಿಸಿ ನೇಮಕಾತಿಗಾಗಿ ಕಾಯುತ್ತಿರುವವರು. ಬಿಡುವಿನಲ್ಲಿ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಜೂನ್, ಜುಲೈ ತಿಂಗಳ ಪುಟಗಳಲ್ಲಿ ಚೌಕಗಳು ಒತ್ತಾಗಿ ತುಂಬಿದ್ದವು. ಆಗಸ್ಟಿನ ಕೊನೆಯಿಂದ ‘ಗೈ’ ಎಂಬ ಅಕ್ಷರ, ಅಂದರೆ ಗೈರುಹಾಜರಿನ ಗುರುತು, ಅಲ್ಲಲ್ಲಿ ಕಾಣಿಸಿಕೊಂಡು, ದೀಪಾವಳಿಯ ನಂತರ ಕೆಲವು ಹೆಸರುಗಳ ಮುಂದೆ ಅಡ್ಡಲಾಗಿ ಇಡೀ ಸಾಲನ್ನೇ ತುಂಬಿತ್ತು. ಕೆಂಪು ಶಾಯಿಯಲ್ಲಿ ಒಂದರ ಪಕ್ಕ ಒಂದು ಬರೆದ ಆ ಅಕ್ಷರ ಬರೆಯುವ ಕೈಗೇ ಬೇಸರ ಬಂದಂತೆ, ತಿಂಗಳ ಕೊನೆಗೆ ಬರುವಷ್ಟರಲ್ಲಿ ಐತ್ವವನ್ನು ಕಳೆದುಕೊಂಡು ಬರೀ ‘ಗ’ ಆಗಿತ್ತು.

“ಹೆಸರ ಹೊಡಿಯಂಗಿಲ್ರಿ ಸರ್ ನಾ. ಹೊಡದ್ರ ಆ ಕೂಸು ಮತ್ತ ಬರಾಕ ನಾಚ್ಕೋತದ,” ಎಂದರು ಮುಖ್ಯೋಪಾಧ್ಯಾಯರು.

ಆಗಸ್ಟಿನಲ್ಲೇ ಗೈರು ಶುರುವಾಗುವುದೇಕೆಂಬುದಕ್ಕೆ ಉತ್ತರ ಹತ್ತಿಯ ಹೊಲದಲ್ಲಿತ್ತು. ಸಂಕರ ಹತ್ತಿಯ ಬೀಜ ತಾನಾಗಿ ಆಗುವುದಿಲ್ಲ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆ ಹುಡುಕಿ, ಉಗುರಿನಿಂದ ಎಸಳನ್ನೂ ಪರಾಗದ ಗೊಂಡೆಯನ್ನೂ ಒಳಗಿನ ಶಲಾಕೆಗೆ ಪೆಟ್ಟಾಗದಂತೆ ಬಿಡಿಸಿ ತೆಗೆಯಬೇಕು. ಮರುದಿನ ಬೆಳಗ್ಗೆ ಬೇರೆ ತಳಿಯ ಗಂಡುಹೂವನ್ನು ತಂದು ಆ ಶಲಾಕೆಗೆ ತೀಡಿ ಗುರುತು ಕಟ್ಟಬೇಕು. ಜನ ಇದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ಬೆಳಗಿನ ಆ ಕೆಲವು ತಾಸು ಕಳೆದರೆ ಹೂವು ವ್ಯರ್ಥ, ಆ ತಾಸುಗಳೇ ಶಾಲೆಯ ತಾಸುಗಳು. ಸಣ್ಣ ಬೆರಳು ಬೇಕು, ಗಿಡದಷ್ಟೇ ಎತ್ತರದ ಆಳು ಬೇಕು, ಕೂಲಿ ಕಡಿಮೆಯಾಗಬೇಕು ಎಂಬ ಮೂರೂ ಅಗತ್ಯಗಳು ಸೇರಿ ಈ ಕೆಲಸವನ್ನು ಬಹುಕಾಲ ಮಕ್ಕಳ ಪಾಲಾಗಿಸಿದವು. ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ಪೂರ್ತಿ ನಿಷೇಧಿಸಿದೆ. ಆದರೆ ಮನೆಯವರ ಕೆಲಸದಲ್ಲಿ ಶಾಲೆಯ ಹೊತ್ತಿನ ಹೊರಗೆ ನೆರವಾಗಬಹುದೆಂಬ ವಿನಾಯಿತಿಯನ್ನೂ ಅದೇ ತಿದ್ದುಪಡಿ ಕೊಟ್ಟಿದೆ. ಹೊಲದ ಬದುವಿನಲ್ಲಿ ಗಡಿಯಾರ ಹಿಡಿದು ನಿಲ್ಲುವವರು ಯಾರು?

ಬಿಸಿಯೂಟದ ಹೊತ್ತಾಯಿತು. ರಾಜ್ಯದಲ್ಲಿ ಶಾಲೆಯ ಬಿಸಿಯೂಟ 2002ರಲ್ಲಿ ‘ಅಕ್ಷರ ದಾಸೋಹ’ದ ಹೆಸರಿನಲ್ಲಿ ಮೊದಲು ಆರಂಭವಾದದ್ದು ಈಶಾನ್ಯದ ಈ ಜಿಲ್ಲೆಗಳಲ್ಲೇ, 2021ರ ಡಿಸೆಂಬರಿನಲ್ಲಿ ತಟ್ಟೆಗೆ ಮೊಟ್ಟೆ ಬಂದದ್ದೂ ಮೊದಲು ಈ ಭಾಗದಲ್ಲೇ. ಅನ್ನ, ಬೇಳೆಸಾರು, ಒಂದು ಮೊಟ್ಟೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಾಗ ಅವಳ ಬೆರಳುಗಳು ಪ್ರವಾಸಿಯ ಕಣ್ಣಿಗೆ ಬಿದ್ದವು. ಉಗುರಿನ ಸುತ್ತ ಸಣ್ಣ ಸಣ್ಣ ಗೀರುಗಳು, ಕೆಲವು ಒಣಗಿದವು, ಕೆಲವು ಹಸಿ. ಹತ್ತಿ ಬಿಡಿಸುವಾಗ ಒಡೆದ ಕಾಯಿಯ ಒಣ ತುದಿಗಳು ಮುಳ್ಳಿನಂತೆ ತಾಗುತ್ತವೆ. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ಅವಳು ಹೊಲಕ್ಕೆ ಹೋಗುತ್ತಾಳೆ. ಮೊಟ್ಟೆಯನ್ನು ಸುಲಿಯುವಾಗಲೂ ಅವಳು ಬೆರಳ ತುದಿಯನ್ನು ಬಳಸದೆ ಹೆಬ್ಬೆರಳ ಪಕ್ಕದಿಂದ ಒತ್ತಿ ಒತ್ತಿ ಸಿಪ್ಪೆ ಜಾರಿಸುತ್ತಿದ್ದಳು.

ಎಂಟು ಮುಗಿದ ಮೇಲೆ ಪ್ರೌಢಶಾಲೆ ಆರು ಕಿಲೋಮೀಟರ್ ದೂರದ ಊರಿನಲ್ಲಿದೆ. 2023ರ ಜೂನಿನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿರುವಾಗ ಹೋಗಿಬರುವುದು ಕಷ್ಟವಾಗಲಾರದಲ್ಲ ಎಂದು ಪ್ರವಾಸಿ ಕೇಳಿದರು. ಹುಡುಗಿ ಮೊಟ್ಟೆ ನುಂಗಿಕೊಂಡು ಹೇಳಿದಳು: “ಟಿಕೀಟಿಗಿ ರೊಕ್ಕ ಬ್ಯಾಡ್ರಿ. ಸಾಲಿ ಹೊತ್ತಿಗಿ ಬಸ್ಸs ಇಲ್ರಿ.” ಬೆಳಗಿನ ಬಸ್ಸು ಏಳಕ್ಕೆ ಹೋಗುತ್ತದೆ, ಮುಂದಿನದು ಹನ್ನೊಂದಕ್ಕೆ. ಸಂಜೆಯ ಬಸ್ಸು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ, ಕತ್ತಲಾದ ಮೇಲೆ ಬಂದ ಮಗಳಿಗೆ ಊರು ಒಂದು ವರನನ್ನು ಹುಡುಕತೊಡಗುತ್ತದೆ. ಕಾನೂನು ಹದಿನೆಂಟೆಂದರೂ ಊರಿನ ಎಣಿಕೆ ಬೇರೆ. ಒಂದು ಬಸ್ಸಿನ ವೇಳೆಯನ್ನು ಎರಡು ತಾಸು ಹಿಂದುಮುಂದು ಮಾಡಿದರೆ ಎಷ್ಟು ಮದುವೆಗಳು ಮುಂದೆ ಹೋಗಬಹುದೆಂಬುದನ್ನು ಯಾವ ಯೋಜನಾ ವರದಿಯೂ ಲೆಕ್ಕ ಹಾಕಿದಂತಿಲ್ಲ.

ರಾತ್ರಿಯ ಊಟ ಶಾಲೆಯ ಅಡುಗೆಯಾಕೆಯ ಮನೆಯಲ್ಲಿ. ಒಲೆಯ ಮುಂದೆ ಕೊಣಮಿಗೆಯಲ್ಲಿ ಹಿಟ್ಟು ನಾದಿ, ಎರಡೂ ಅಂಗೈಯಿಂದ ತಟ್ಟಿ ತಿರುಗಿಸಿದ ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಕುಚ್ಚಲಕ್ಕಿಯ ಗಂಜಿಯಲ್ಲಿ ಬೆಳೆದ ನಾಲಿಗೆಗೆ ಪುಂಡಿಯ ಹುಳಿಯೂ ಹಿಂಡಿಯ ಖಾರವೂ ಹೊಸತಾದರೂ, ಬಡಿಸುವವರು ಎರಡನೆಯ ರೊಟ್ಟಿ ಮುಗಿಯುವ ಮುನ್ನ ಮೂರನೆಯದನ್ನು ಹಾಕುವ ಒತ್ತಾಯ ಹೊಸತೇನಲ್ಲ. ಆ ಮನೆಯ ಹಿರಿಮಗ ಬಿ.ಎ. ಓದಿದ್ದಾನೆ. ಕಿರಿಯವನು ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನಗಳಲ್ಲಿ ಸೋತು ಬೆಂಗಳೂರಿಗೆ ಹೋಗಿದ್ದಾನೆ. ತಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದ ಮಾತು ಇದು:

“ದೊಡ್ಡಾಂವ ಹದಿನೈದ ವರ್ಷ ಓದ್ಯಾನ್ರಿ, ಮನ್ಯಾಗ ಕುಂತಾನ. ಸಣ್ಣಾಂವ ಫೇಲಾದ, ತಿಂಗಳಾ ರೊಕ್ಕ ಕಳಸ್ತಾನ. ಈಗ ಮಗಳಿಗೆ ಏನಂತ ಹೇಳ್ಲಿರಿ ನಾ?”

ಬಡವರಿಗೆ ಓದಿನ ಬೆಲೆ ಗೊತ್ತಿಲ್ಲವೆಂಬ ಮಾತು ಪಟ್ಟಣಗಳಲ್ಲಿ ಸಲೀಸಾಗಿ ಚಲಾವಣೆಯಲ್ಲಿದೆ. ಆ ಒಲೆಯ ಮುಂದೆ ಆ ಮಾತು ನಿಲ್ಲುವುದಿಲ್ಲ. ಓದಿನ ಬೆಲೆಯನ್ನು ಅಷ್ಟು ನಿಖರವಾಗಿ ಅಳೆದವರು ಬೇರೆ ಯಾರೂ ಇರಲಾರರು. ಅಳೆಯುವುದಕ್ಕೆ ಅವರ ಮನೆಯಲ್ಲೇ ಎರಡು ತಟ್ಟೆಗಳ ತಕ್ಕಡಿ ಉಂಟು. ಹಿರಿಮಗನಿಗಾಗಿ ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ 371ಜೆ ವಿಧಿ, ಕಲ್ಯಾಣ ಕರ್ನಾಟಕದಲ್ಲಿ, ಅಂದರೆ ಈ ಹಳೆಯ ಹೈದರಾಬಾದ್ ಸೀಮೆಯಲ್ಲಿ, ಹುಟ್ಟಿದವರಿಗೂ ನೆಲೆಸಿದವರಿಗೂ ಅಲ್ಲಿಯ ಶಿಕ್ಷಣ ಸಂಸ್ಥೆಗಳಲ್ಲಿ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಮೀಸಲು ಪಾಲನ್ನು ಕೊಡುತ್ತದೆ. ಆ ಬಾಗಿಲಿನಿಂದ ವೈದ್ಯರಾದವರು, ಎಂಜಿನಿಯರಾದವರು, ಶಿಕ್ಷಕರಾದವರು ಈ ನೆಲದಲ್ಲಿದ್ದಾರೆ. ಅದು ಸಣ್ಣ ಸಾಧನೆಯಲ್ಲ. ಆದರೆ ಮೀಸಲು ಬಾಗಿಲಿನವರೆಗೆ ನಡೆದುಬರಬೇಕಾದವರ ಪೈಕಿ ಅರ್ಧದಷ್ಟು ಮಕ್ಕಳು ಹತ್ತನೆಯ ತರಗತಿಯಲ್ಲೇ ಉಳಿದುಬಿಟ್ಟರೆ ಬಾಗಿಲು ತೆರೆದಿದ್ದೂ ಅವರಿಗೆ ಗೋಡೆಯೇ. 2023ರ ಕೊನೆಯಲ್ಲಿ ನೋಂದಣಿ ಆರಂಭವಾದ ‘ಯುವನಿಧಿ’, ಪದವಿ ಮುಗಿಸಿ ಕೆಲಸ ಸಿಗದವರಿಗೆ ಎರಡು ವರ್ಷದ ಮಟ್ಟಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಹಿರಿಮಗ ಆ ಹಣದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಕೊಂಡಿದ್ದ. ಊಟದ ನಂತರ ಅವನು ಆ ಪುಸ್ತಕಗಳನ್ನು ತೋರಿಸಿದ. ಪ್ರತಿಯೊಂದರ ಹೊದಿಕೆಗೂ ಕ್ಯಾಲೆಂಡರಿನ ದಪ್ಪ ಹಾಳೆ ಸುತ್ತಿ, ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದಿದ್ದ.

ಕರಾವಳಿಯೂ ಹೀಗೆಯೇ ಬಡವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು, ಇಲ್ಲವಾದರೆ ಹೋಲಿಕೆ ಅನ್ಯಾಯವಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ತುಳುನಾಡಿನ ಗೇಣಿ ಒಕ್ಕಲುಗಳ, ಮೀನುಗಾರರ ಮನೆಗಳಿಂದ ಹನ್ನೆರಡು ಹದಿಮೂರರ ಹುಡುಗರು ಬೊಂಬಾಯಿಗೆ ಹಡಗು ಹತ್ತಿದರು. ಅದೂ ಒಂದು ಗುಳೆಯೇ. ಅಲ್ಲಿ ಅವರು ಹೋಟೆಲುಗಳಲ್ಲಿ ತಟ್ಟೆ ತೊಳೆದರು, ಕ್ಯಾಂಟೀನುಗಳಲ್ಲಿ ಚಹಾ ಹೊತ್ತರು. ಆದರೆ ಆ ಹುಡುಗರ ಹಿಂದೆ ಶಾಲೆಯೂ ಬೊಂಬಾಯಿಗೆ ಹೋಯಿತು. ಮೀನುಗಾರ ಸಮುದಾಯದ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ಅಲ್ಲಿ ರಾತ್ರಿ ಶಾಲೆ ತೆರೆಯಿತು. ಮುಂದೆ ಬೇರೆ ಬೇರೆ ಸಂಘಗಳ ಹಲವು ಕನ್ನಡ ರಾತ್ರಿ ಶಾಲೆಗಳು ಕೋಟೆ ಪ್ರದೇಶದಲ್ಲಿ, ಉಪನಗರಗಳಲ್ಲಿ ತಲೆಯೆತ್ತಿದವು. ಹಗಲು ಮೇಜು ಒರೆಸಿದ ಕೈ ರಾತ್ರಿ ಕನ್ನಡದಲ್ಲೇ ಗಣಿತ ಮಾಡಿ ಮೆಟ್ರಿಕ್ ಪಾಸು ಮಾಡಿತು. ಹಾಗೆ ಓದಿದವರು ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಧಣಿಗಳಾದರು. ಊರಿನಲ್ಲೂ ಓದಿದವರಿಗೆ ಕೂಡಲೇ ಕೆಲಸವಿತ್ತು: 1865ರಿಂದ ಹೆಂಚಿನ ಕಾರ್ಖಾನೆಗಳು, 1906ರಲ್ಲಿ ಉಡುಪಿ, ಮಂಗಳೂರುಗಳಲ್ಲಿ ಒಂದೊಂದು ಬ್ಯಾಂಕು, 1925ರಲ್ಲಿ ಮತ್ತೊಂದು, 1931ರಲ್ಲಿ ಮಗದೊಂದು. ಲೆಕ್ಕ ಬರುವ ಹುಡುಗನಿಗೆ ಬ್ಯಾಂಕಿನಲ್ಲಿ ಕುರ್ಚಿ ಸಿಗುವುದನ್ನು ಪಕ್ಕದ ಮನೆಯಲ್ಲೇ ಕಂಡ ತಾಯಿ ಬೀಡಿ ಕಟ್ಟಿ ಫೀಸು ಕಟ್ಟಿದಳು. 1974ರ ಭೂಸುಧಾರಣೆಯಲ್ಲಿ ‘ಡಿಕ್ಲರೇಷನ್’ ಕೊಟ್ಟು ಗೇಣಿದಾರ ಭೂಮಿಯ ಒಡೆಯನಾದ ಮೇಲೆ ಮಕ್ಕಳನ್ನು ಧಣಿಯ ಮನೆಯ ಚಾಕರಿಗೆ ಕಳಿಸುವ ಅಗತ್ಯವೂ ತಪ್ಪಿತು. ಇವೆಲ್ಲದರಿಂದ ಹೊರಗುಳಿದ ಕೊರಗರಂಥ ಸಮುದಾಯಗಳ ಮಕ್ಕಳು ಪಟ್ಟಿಯ ಮೇಲ್ತುದಿಯ ಜಿಲ್ಲೆಯಲ್ಲಿದ್ದೂ ಇಂದಿಗೂ ಕಷ್ಟದಲ್ಲೇ ಓದುತ್ತಿದ್ದಾರೆಂಬುದೇ, ಇಲ್ಲಿ ಕೆಲಸ ಮಾಡಿದ್ದು ನೆಲದ ಗುಣವಲ್ಲವೆಂಬುದಕ್ಕೆ ಸಾಕ್ಷಿ.

ಹಾಗಾಗಿ ಪ್ರವಾಸಿಯನ್ನು ಕಾಡತೊಡಗಿದ ಪ್ರಶ್ನೆ ಮಕ್ಕಳು ಏಕೆ ಊರು ಬಿಡುತ್ತಾರೆಂಬುದಾಗಿ ಉಳಿಯಲಿಲ್ಲ. ಊರು ಬಿಟ್ಟ ಮಗುವಿನ ಹಿಂದೆ ಶಾಲೆ ಏಕೆ ಹೋಗುವುದಿಲ್ಲ ಎಂಬುದಾಯಿತು.

ಸ್ವಲ್ಪಮಟ್ಟಿಗೆ ಹೋಗುವ ಪ್ರಯತ್ನ ನಡೆದಿದೆ. ತಂದೆತಾಯಿ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿಯಲೆಂದು ಶಾಲೆಯ ಕೋಣೆಯಲ್ಲೇ ಊಟ ವಸತಿ ಕೊಡುವ ‘ಋತುಮಾನ ಹಾಸ್ಟೆಲ್’ಗಳುಂಟು, ಮಗು ಹೋದಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ಹೊರಗಿಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ರಾಜ್ಯದ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡದ್ದೂ ಉಂಟು. ಆದರೆ ಶಿಕ್ಷಣದ ಹಕ್ಕು ಹದಿನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ಇರುವ ನೋಂದಣಿಗೆ ಹದಿನೆಂಟು ತುಂಬಬೇಕು. ಯುವನಿಧಿಗೆ ಪದವಿ ಬೇಕು. ನಡುವಿನ ನಾಲ್ಕು ವರ್ಷ, ಬಡಮನೆಯ ಹುಡುಗನ ಅಥವಾ ಹುಡುಗಿಯ ಇಡೀ ಬಾಳು ಯಾವ ಕಡೆ ವಾಲಬೇಕೆಂದು ತೀರ್ಮಾನವಾಗುವ ನಾಲ್ಕು ವರ್ಷ, ಯಾವ ಇಲಾಖೆಯ ಮೇಜಿಗೂ ಪೂರ್ತಿಯಾಗಿ ಸೇರಿಲ್ಲ. ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ, ಆ ವಯಸ್ಸಿನವರನ್ನು ಸೇರಿಸಿಕೊಳ್ಳುತ್ತದಾದರೂ ಹೆಚ್ಚಿನ ವೃತ್ತಿಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು.

ಮರುದಿನಗಳ ಎರಡು ನಿಲುಗಡೆಗಳನ್ನು ಚಿಕ್ಕದಾಗಿ ಹೇಳಬಹುದು. ಸೈದಾಪುರದ ಕಡೆಗಿರುವ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ಸಾವಿರಾರು ಎಕರೆ ಭೂಮಿ ಹೋಗಿದೆ. ಬಂದಿರುವ ಕಾರ್ಖಾನೆಗಳಲ್ಲಿ ಔಷಧಿ, ರಾಸಾಯನಿಕಗಳವೇ ಹೆಚ್ಚು. ಭೂಮಿ ಕೊಟ್ಟ ಊರಿನ ಹುಡುಗರು ಗೇಟಿನ ಒಳಗೆ ಮೂಟೆ ಹೊರುವ ಗುತ್ತಿಗೆ ಕೂಲಿಗಳಾಗಿದ್ದರು, ಯಂತ್ರದ ಮುಂದೆ ನಿಂತವರು ಹೊರಗಿನಿಂದ ಬಂದವರಾಗಿದ್ದರು. ಸಂಜೆಯ ಗಾಳಿ ಬೀಸಿದಾಗ ಚಹಾದಂಗಡಿಯವರು ಮೂಗಿಗೆ ಟವೆಲ್ ಹಿಡಿದರು. ಇನ್ನೊಂದು ನಿಲುಗಡೆ ಭೀಮೆಯ ದಂಡೆಯ ಸನ್ನತಿ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬ್ರಾಹ್ಮಿ ಶಾಸನ ಹೊರಬಂತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪವೂ ಸಿಕ್ಕಿತು. ಎರಡು ಸಾವಿರ ವರ್ಷಗಳಾಚೆ, ಜನ ಓದಲಿ, ಓದಿದವರಿಂದ ಉಳಿದವರು ಕೇಳಲಿ ಎಂದು ಅಕ್ಷರಗಳನ್ನು ನಿಲ್ಲಿಸಿದ ನೆಲ ಇದು. ನಿರಕ್ಷರತೆ ಈ ನೆಲದ ಹುಟ್ಟುಗುಣವಲ್ಲ. ಅದನ್ನು ಆಮೇಲೆ, ಮನುಷ್ಯರು, ತಂದದ್ದು.

ಮರಳುವ ದಾರಿಯಲ್ಲಿ ಬೆಂಗಳೂರಿನ ಪೂರ್ವದಂಚಿನ ಒಂದು ಕಟ್ಟಡದ ಬುಡದಲ್ಲಿ ಪ್ರವಾಸಿ ಆ ಅಡುಗೆಯಾಕೆಯ ಕಿರಿಮಗನನ್ನು ಹುಡುಕಿಕೊಂಡು ಹೋದರು. ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ತಲುಪಿಸುವುದಿತ್ತು. ನೀಲಿ ತಗಡಿನ ಶೆಡ್ಡುಗಳ ಎರಡು ಸಾಲು, ನಡುವೆ ಸಿಮೆಂಟು ನೀರು ಹರಿದು ಗಟ್ಟಿಯಾದ ಓಣಿ, ಹಗ್ಗದ ಮೇಲೆ ಬಟ್ಟೆ, ಒಂದು ಶೆಡ್ಡಿನೊಳಗಿಂದ ಸುರಪುರದ ಕನ್ನಡ, ಪಕ್ಕದ್ದರಿಂದ ಬಂಗಾಳಿ. ಹದಿನೇಳರ ಹುಡುಗ ಕಂಬಿ ಕೆಲಸದಲ್ಲಿದ್ದ. ಕಾಲಮ್ಮಿನ ಉದ್ದದ ಕಂಬಿಗಳನ್ನು ಒಂದಾಗಿ ಹಿಡಿದಿಡುವ ಚೌಕದ ಬಳೆಗಳಿಗೆ ‘ರಿಂಗು’ ಎನ್ನುತ್ತಾರೆ. ಎಂಟು ಎಂಎಂ ಕಂಬಿಯನ್ನು ಹಲಗೆಗೆ ಹೊಡೆದ ಮೊಳೆಗಳ ನಡುವೆ ಸಿಕ್ಕಿಸಿ, ಹಿಡಿಕೆ ಎಳೆದು, ನಾಲ್ಕು ಮಡಿಕೆಗೆ ಒಂದು ರಿಂಗು ಮಾಡಿ ಅವನು ರಾಶಿಗೆ ಎಸೆಯುತ್ತಿದ್ದ. ಒಂದು ಕಂಬಿಗೆ ಎಷ್ಟು ರಿಂಗು ಬರುತ್ತದೆಂದು ಪ್ರವಾಸಿ ಕೇಳಿದರು. ಕೈ ನಿಲ್ಲಲಿಲ್ಲ.

“ಒಂಬತ್ತು ಹನ್ನೆರಡರ ಕಾಲಮ್ಮಿರಿ ಇದು. ಸುತ್ತಾ ಒಂದೂವರಿ ಇಂಚು ಕವರ್ ಬಿಟ್ರ ಒಳಗ ಆರು ಒಂಬತ್ತು. ಸುತ್ತಳತಿ ಮೂವತ್ತು ಇಂಚು, ಕೊಕ್ಕಿಗಿ ಆರು, ಒಟ್ಟ ಮೂರು ಫೂಟು. ಕಂಬಿ ನಲವತ್ತು ಫೂಟು. ಹದಿಮೂರು ಬರ್ತಾವ್ರಿ, ಒಂದು ಫೂಟು ಉಳೀತದ.”

ಕಾಗದವಿಲ್ಲ, ಪೆನ್ಸಿಲಿಲ್ಲ. ಸುತ್ತಳತೆಯ ಸೂತ್ರದಲ್ಲಿ ಸೋತನೆಂದು ರಾಜ್ಯದ ಪರೀಕ್ಷೆ ಬರೆದಿಟ್ಟ ಹುಡುಗ ಅವನು. ಆ ಶೇ 50.59ರ ಆಚೆಯ ಭಾಗದಲ್ಲಿ ಅವನೂ ಒಬ್ಬ. ಆ ವರ್ಷ, 2024ರಲ್ಲಿ, ರಾಜ್ಯ ಮೂರು ಪರೀಕ್ಷೆಗಳನ್ನು ನಡೆಸಿತು, ಸೋತವರು ಜೂನಿನಲ್ಲಿ, ಆಗಸ್ಟಿನಲ್ಲಿ ಮತ್ತೆ ಬರೆಯಬಹುದಿತ್ತು. ಒಳ್ಳೆಯ ಏರ್ಪಾಡು. ಆದರೆ ಜೂನಿನಲ್ಲಿ ಅವನು ಬೆಂಗಳೂರಿನಲ್ಲಿದ್ದ, ಪರೀಕ್ಷೆಯ ಕೇಂದ್ರ ಸುರಪುರದಲ್ಲಿತ್ತು. ಹೋಗಿಬರುವ ನಾಲ್ಕೈದು ದಿನದ ಕೂಲಿಯ ಜೊತೆಗೆ ಮೇಸ್ತ್ರಿಯ ಮರ್ಜಿಯನ್ನೂ ಕಳೆದುಕೊಳ್ಳಬೇಕಿತ್ತು. ಸಂಜೆ ಏಳರ ನಂತರ ಆ ಶೆಡ್ಡುಗಳಲ್ಲಿ ಏನು ನಡೆಯುತ್ತದೆಂದು ಕೇಳಿದಾಗ ಅವನು ಮೊಬೈಲು ತೋರಿಸಿದ. ಅದರಲ್ಲಿ ಹತ್ತನೆಯ ತರಗತಿಯ ಗಣಿತದ ಒಂದೆರಡು ವಿಡಿಯೊಗಳೂ ಇದ್ದವು, ಅರ್ಧಕ್ಕೆ ನಿಂತಿದ್ದವು. ದಣಿದ ದೇಹಕ್ಕೆ ಒಬ್ಬಂಟಿಯಾಗಿ ಓದುವುದು ಹೇಗೆ ಸಾಧ್ಯ? ಬೊಂಬಾಯಿಯ ರಾತ್ರಿ ಶಾಲೆಯ ಹುಡುಗನಿಗೆ ಪಕ್ಕದಲ್ಲಿ ತೂಕಡಿಸುವ ಇನ್ನೊಬ್ಬನಿದ್ದ, ಎಬ್ಬಿಸುವ ಮಾಸ್ತರರಿದ್ದರು, ಎಣ್ಣೆ ದೀಪವೋ ವಿದ್ಯುತ್ತೋ ಒಂದು ಬೆಳಕಿತ್ತು. ಈ ಶೆಡ್ಡುಗಳ ಎದುರಿಗೇ ಇಡೀ ರಾತ್ರಿ ಉರಿಯುವ ದೊಡ್ಡ ದೀಪವಿದೆ. ಅದು ಸಿಮೆಂಟು ಮೂಟೆಗಳ ಕಾವಲಿಗೆ.

ರೊಟ್ಟಿಯ ಗಂಟು ಬಿಚ್ಚಿ, ಮೇಲಿನ ಒಂದನ್ನು ಮುರಿದು ಅರ್ಧವನ್ನು ಪ್ರವಾಸಿಗೆ ಕೊಟ್ಟು, ಅರ್ಧವನ್ನು ಕಚ್ಚುತ್ತ ಅವನು ಮುಂದಿನ ಪರೀಕ್ಷೆಯ ಮಾತೆತ್ತಿದ. ಮುಖ್ಯೋಪಾಧ್ಯಾಯರು ಹೇಳಿ ಪ್ರೌಢಶಾಲೆಯವರಿಂದ ಫೀಸು ಕಟ್ಟಿಸಿದ್ದಾರೆ. ಮುಂಗಡದ ಲೆಕ್ಕ ಚುಕ್ತಾ ಆಗುವುದು ಯುಗಾದಿಗೆ. ಅದಕ್ಕಿಂತ ಮೊದಲು ಹೊರಟರೆ ಬಾಕಿ ಮನೆಯ ಮೇಲೆ ನಿಲ್ಲುತ್ತದೆ. ಹಿಡಿದ ಕೆಲಸ ಮುಗಿದಿದ್ದರೆ ಮಾತ್ರ ಮೇಸ್ತ್ರಿ ನಾಲ್ಕು ದಿನ ಬಿಡುತ್ತಾನೆ.

“ನಾಕನೇ ಸ್ಲ್ಯಾಬ್ ಮಾರ್ಚಿಯೊಳಗ ಆಗ್ಬೇಕ್ರಿ ಸರ್. ಆದ್ರ ಬರೀತೀನಿ.”

ತಲೆಯೆತ್ತಿ ನೋಡಿದರೆ ಎರಡನೆಯದು ಹಾಕಿ ಮುಗಿದಿತ್ತು, ಮೂರನೆಯದಕ್ಕೆ ಹಲಗೆ ಜೋಡಿಸುತ್ತಿದ್ದರು.

2025ರ ಪರೀಕ್ಷೆ ಮಾರ್ಚ್ 21ಕ್ಕೆ ಆರಂಭವಾಯಿತು, ಯುಗಾದಿ ಬಂದದ್ದು 30ಕ್ಕೆ. ಗಣಿತದ ಪರೀಕ್ಷೆಯ ಬೆಳಗ್ಗೆ ಉಡುಪಿಯ ಬೀದಿಯಲ್ಲಿ ಮಕ್ಕಳು ಪ್ಯಾಡು, ನೀರಿನ ಬಾಟಲಿ, ಹೊಸ ಪೆನ್ನುಗಳೊಂದಿಗೆ ಹೋಗುತ್ತಿದ್ದರು. ಗೇಟಿನವರೆಗೆ ಬಂದ ತಂದೆತಾಯಂದಿರು ಕೊನೆಯ ಸೂತ್ರವನ್ನು ಕೇಳಿ ಕಳಿಸುತ್ತಿದ್ದರು. ಪಕ್ಕದಲ್ಲೇ ಏಳುತ್ತಿದ್ದ ಒಂದು ಕಟ್ಟಡದಿಂದ ಕಾಂಕ್ರೀಟು ಕಲೆಸುವ ಯಂತ್ರದ ಸದ್ದು ಬರುತ್ತಿತ್ತು. ಪ್ರವಾಸಿ ಗೇಟಿನ ಬಳಿ ನಿಂತು, ತಿಳಿದೋ ತಿಳಿಯದೆಯೋ, ಆ ಕಟ್ಟಡದ ಮಹಡಿಗಳನ್ನು ಎಣಿಸಿದರು.